ಶಿರಸಿಯ ಕಷಾಯದ ಅಂಗಡಿ: ಬನ್ಸ್‌ಗೆ ಮೂರು ನಕ್ಷತ್ರ, ವಾದಕ್ಕೆ ಐದು

ಈ ಅಂಗಡಿಗೆ ಹೆಸರಿನ ಫಲಕವಿಲ್ಲ. ಶಿರಸಿಯ ಹಳೆ ಬಸ್ ನಿಲ್ದಾಣದ ಹತ್ತಿರ ಇಳಿಜಾರಿನಲ್ಲಿ ಬರುವಾಗ ಸೌದೆ ಹೊಗೆಯ ಜೊತೆಗೆ ಕೊತ್ತಂಬರಿ, ಜೀರಿಗೆ ಹುರಿದ ಪರಿಮಳ ಬಂದರೆ ನಿಂತುಕೊಳ್ಳಿ, ಅದೇ ಅಂಗಡಿ. ಐದು ಬೆಂಚು, ಒಂದು ಟಿವಿ, ಗೋಡೆಯಲ್ಲಿ ಕಳೆದ ವರ್ಷದ ಸೊಸೈಟಿ ಕ್ಯಾಲೆಂಡರ್. ಮೊದಲು ನಾನು ಹೋಗುತ್ತಿದ್ದದ್ದು ಕಷಾಯಕ್ಕೆ. ಈಗ ಹೋಗುವುದು ಜಗಳಕ್ಕೆ. ಕಷಾಯ ಅದರ ಬೆನ್ನಿಗೆ ಬರುತ್ತದೆ.

ನನಗೆ ಐವತ್ತಮೂರು ವರ್ಷ. ಸಿದ್ದಾಪುರ ರಸ್ತೆಯಲ್ಲಿ ಸ್ವಲ್ಪ ಅಡಿಕೆ ತೋಟ, ಬಲಗಾಲಿನಲ್ಲಿ ಒಂದು ಹಾಳು ಮೊಣಕಾಲು. ಆ ಮೊಣಕಾಲು ಧಾರವಾಡದಲ್ಲಿ ಓದುವಾಗ ಕಾಲೇಜು ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದ್ದರ ಸಂಪಾದನೆ. ಸಿಮೆಂಟಿನ ಅಂಕಣ, ಕ್ಯಾನ್ವಾಸ್ ಬೂಟು, ಹಾರಿ ಇಳಿದಾಗಲೆಲ್ಲ ಕಟಕ್ ಎನ್ನುವ ಸದ್ದು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಆಟದ ಮಾತಾಡಲು ಒಬ್ಬ ನರಪಿಳ್ಳೆ ಸಿಗಲಿಲ್ಲ. ನಮ್ಮ ಕಡೆ ಚೆಂಡು ಎಂದರೆ ಕ್ರಿಕೆಟ್, ಇಲ್ಲವೇ ವಾಲಿಬಾಲ್. ಎರಡು ವರ್ಷದ ಹಿಂದೆ ಒಂದು ದಿನ ಈ ಅಂಗಡಿಯ ಟಿವಿಯಲ್ಲಿ ಅಮೆರಿಕದ ಕಾಲೇಜು ಪಂದ್ಯವೊಂದು ಓಡುತ್ತಿತ್ತು. ಅಂಗಡಿಯವರ ಮಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮಾಣಿ, ರಜೆಗೆ ಬಂದಿದ್ದ. "ಆ ಹುಡುಗ ಎಡಗೈಯಲ್ಲಿ ಚೆಂಡು ನಡೆಸಲು ಹೆದರುತ್ತಾನೆ, ನೋಡು" ಎಂದೆ. ಮಾಣಿ ಸೌಟು ಕೆಳಗಿಟ್ಟು ನನ್ನನ್ನು ನೋಡಿದ. "ಅತ್ತೆ, ನಿಮಗೆ ಈ ಆಟ ಗೊತ್ತೇ?" ಅಲ್ಲಿಂದ ಶುರುವಾದದ್ದು ಇದು.

ಮೊದಲು ತಿಂಡಿಯ ವಿಷಯ ಮುಗಿಸುತ್ತೇನೆ. ಕಷಾಯಕ್ಕೆ ಐದಕ್ಕೆ ಐದು. ಕಾಳುಮೆಣಸು ಗಂಟಲಿಗೆ ತಾಗಬೇಕು, ಆದರೆ ಕೆಮ್ಮು ಬರಬಾರದು. ಬೆಲ್ಲ ಇದೆ ಎಂದು ಗೊತ್ತಾಗಬೇಕು, ಸಿಹಿ ಎನಿಸಬಾರದು. ಇವರಿಗೆ ಆ ಹದ ಕೈಗೆ ಬಂದಿದೆ. ಲೋಟ ಮಾತ್ರ ಸಣ್ಣದು. ಬನ್ಸ್ ಬೆಳಿಗ್ಗೆ ಏಳರೊಳಗೆ ತಿಂದರೆ ಉಬ್ಬಿ ಮೆತ್ತಗಿರುತ್ತದೆ, ಒಂಬತ್ತರ ನಂತರ ಚಪ್ಪಲಿಯ ಅಟ್ಟೆ. ಜೊತೆಗೆ ಕೊಡುವ ಭಾಜಿಯಲ್ಲಿ ಬಟಾಣಿಯನ್ನು ಹುಡುಕಬೇಕು. ಜೂನ್ ತಿಂಗಳಲ್ಲಿ ಹೋದರೆ ಹಲಸಿನ ಹಣ್ಣಿನ ಕಡುಬು ಕೇಳಿ. ಪಟ್ಟಿಯಲ್ಲಿ ಇರುವುದಿಲ್ಲ, ಮನೆಯಿಂದ ತಂದದ್ದು ಉಳಿದಿದ್ದರೆ ತುಪ್ಪ ಹಾಕಿ ಕೊಡುತ್ತಾರೆ.

ಈಗ ವಾದ. ಇದು 2025ರ ಕಥೆ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಪ್ರತಿವರ್ಷ ಜೂನ್ ಕೊನೆಯ ಹೊತ್ತಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹತ್ತೊಂಬತ್ತು ತುಂಬುವ ವರ್ಷದವರೆಗೆ ಅಮೆರಿಕದ ಹುಡುಗರು ಸೇರುವಂತಿಲ್ಲ, ಹಾಗಾಗಿ ಹೆಚ್ಚಿನವರು ಒಂದು ವರ್ಷ ಕಾಲೇಜಿನಲ್ಲಿ ಆಡಿ ಬರುತ್ತಾರೆ. ಆ ಒಂದು ವರ್ಷವನ್ನು ನೋಡಿ ಮುಂದಿನ ಹದಿನೈದು ವರ್ಷಗಳ ಭವಿಷ್ಯ ಹೇಳಬೇಕು. ಅಂಗಡಿಯಲ್ಲಿ ಕುಳಿತ ಕೊನೆಗೌಡನಿಗೆ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನಿಗೆ, ಇದನ್ನು ವಿವರಿಸಿದಾಗ ಅವನು ಒಂದೇ ಮಾತಿನಲ್ಲಿ ಮುಗಿಸಿದ: "ಅಡಿಕೆ ಟೆಂಡರ್."

ಅಷ್ಟು ಸರಿಯಾದ ಹೋಲಿಕೆ ನನಗೆ ಹೊಳೆದಿರಲಿಲ್ಲ. ಟೆಂಡರಿನ ದಿನ ಅಡಿಕೆಯ ಬಗೆಗಳನ್ನು ರಾಶಿ ಬೇರೆ, ಚಾಲಿ ಬೇರೆ, ಬೆಟ್ಟೆ ಬೇರೆ ಎಂದು ಸುರಿದಿರುತ್ತಾರೆ. ವ್ಯಾಪಾರಿ ಬರುತ್ತಾನೆ, ಮುಷ್ಟಿ ತುಂಬ ಎತ್ತಿ ಕುಲುಕಿ ಸದ್ದು ಕೇಳುತ್ತಾನೆ, ಅಡಕತ್ತರಿಯಲ್ಲಿ ಒಂದನ್ನು ಸೀಳಿ ಒಳಗಿನ ಬಣ್ಣ ನೋಡುತ್ತಾನೆ, ಚೀಟಿಯಲ್ಲಿ ದರ ಬರೆಯುತ್ತಾನೆ. ಒಂದು ಅಡಿಕೆ ನೋಡಿ ಇಡೀ ಚೀಲಕ್ಕೆ ಬೆಲೆ. ಒಂದೇ ವ್ಯತ್ಯಾಸ: ನಮ್ಮಲ್ಲಿ ಹೆಚ್ಚು ಬರೆದವನಿಗೆ ಮಾಲು, ಅಲ್ಲಿ ಹೆಚ್ಚು ಸೋತವನಿಗೆ ಮೊದಲ ಸರದಿ.

ಅದೂ ಪೂರ್ತಿ ನಿಜವಲ್ಲ, ಏಕೆಂದರೆ ನಡುವೆ ಲಾಟರಿ ಇದೆ. ಆಗಿನ ನಿಯಮದಲ್ಲಿ ಪ್ಲೇ ಆಫ್ ತಲುಪದ ಹದಿನಾಲ್ಕು ತಂಡಗಳ ಮೊದಲ ನಾಲ್ಕು ಸ್ಥಾನ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತಿತ್ತು. ಇದು ಹೇಗೆಂದು ಬ್ಯಾಂಕಿನವರೊಬ್ಬರು ಕೇಳಿದಾಗ ಮಾಣಿ ಹದಿನಾಲ್ಕು ಚಾಲಿ ಅಡಿಕೆ ತಂದು, ಸೀಮೆಸುಣ್ಣದಲ್ಲಿ ಒಂದರಿಂದ ಹದಿನಾಲ್ಕು ಬರೆದು, ಸ್ಟೀಲ್ ತಂಬಿಗೆಗೆ ಹಾಕಿ ಕುಲುಕಿದ. ನಾಲ್ಕನ್ನು ಎತ್ತಿದರೆ 1001 ಬಗೆಯ ಜೋಡಣೆ ಸಾಧ್ಯ. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚಿರುತ್ತಾರೆ. 17 ಗೆದ್ದು 65 ಸೋತ ಯೂಟಾ ತಂಡಕ್ಕೆ 140 ಜೋಡಣೆ, ಡಲ್ಲಾಸ್‌ಗೆ ಬರೀ 18. ಮೇ 12ರಂದು ಎತ್ತಿದಾಗ ಮೊದಲ ಸ್ಥಾನ ಬಂದದ್ದು ಡಲ್ಲಾಸ್‌ಗೆ. ಯೂಟಾ ಐದನೆಯ ಸ್ಥಾನಕ್ಕೆ ಜಾರಿತು.

"ಇದು ಮೊದಲೇ ಗೊತ್ತುಮಾಡಿದ್ದು" ಎಂದರು ಬ್ಯಾಂಕಿನವರು. ಫೆಬ್ರುವರಿಯಲ್ಲಿ ತನ್ನ ತಾರೆ ಲೂಕಾ ಡಾನ್ಸಿಚ್‌ನನ್ನು ಲೇಕರ್ಸ್ ತಂಡಕ್ಕೆ ಕೊಟ್ಟು ಅಭಿಮಾನಿಗಳಿಂದ ಬೈಸಿಕೊಂಡ ತಂಡಕ್ಕೆ ಮೂರೇ ತಿಂಗಳಲ್ಲಿ ಈ ಭಾಗ್ಯ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಮಾಣಿ ಸುಮ್ಮನೆ ತಂಬಿಗೆಯನ್ನು ಅವರ ಮುಂದೆ ತಳ್ಳಿದ. ಮಾರಿಜಾತ್ರೆಯಲ್ಲಿ ಬಳೆ ಎಸೆಯುವ ಆಟ ಆಡಿದವರಿಗೆ ನೂರಕ್ಕೆ ಎರಡು ಎನ್ನುವುದು ಸೊನ್ನೆಯಲ್ಲ ಎಂದು ತಿಳಿದಿರಬೇಕು.

ಮೊದಲನೆಯವನು ಯಾರು ಎನ್ನುವುದರಲ್ಲಿ ಜಗಳವೇ ಇರಲಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್. ಮೇನ್ ರಾಜ್ಯದ ಸಣ್ಣ ಊರಿನ ಹುಡುಗ, 2006ರ ಡಿಸೆಂಬರ್‌ನಲ್ಲಿ ಹುಟ್ಟಿದವನು. ಜನವರಿಯಲ್ಲಿ ನೋಟ್ರ್ ಡೇಮ್ ವಿರುದ್ಧ 42 ಅಂಕ ಗಳಿಸಿದ್ದನ್ನು ಮಾಣಿ ದಿನಕ್ಕೆ ಎರಡು ಸಲ ಹೇಳುತ್ತಾನೆ. ನನಗೆ ಹಿಡಿಸಿದ್ದು ಇನ್ನೊಂದು ಸಂಖ್ಯೆ: ಪಂದ್ಯಕ್ಕೆ ಸರಾಸರಿ 4.2 ಅಸಿಸ್ಟ್, ಅಂದರೆ ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್. ಆರಡಿ ಒಂಬತ್ತು ಅಂಗುಲದ ಹದಿನೆಂಟರ ಹುಡುಗ, ಇಡೀ ದೇಶ ಹೊಗಳುತ್ತಿರುವಾಗಲೂ ಚೆಂಡು ಬಿಟ್ಟುಕೊಡುತ್ತಿದ್ದ. ನಮ್ಮ ತಂಡದಲ್ಲಿ ಹಾಗೆ ಬಿಟ್ಟುಕೊಡುವವಳು ಒಬ್ಬಳೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಆದರೂ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಬರುತ್ತಾರಲ್ಲ, ಅವರಿಗೆ ಒಪ್ಪಿಕೊಳ್ಳುವುದೆಂದರೆ ಆಗದು. 1984ರಲ್ಲಿ ಪೋರ್ಟ್‌ಲ್ಯಾಂಡ್ ಸ್ಯಾಮ್ ಬೋವಿಯನ್ನು ಎರಡನೆಯವನಾಗಿ ಆರಿಸಿ ಮೈಕೆಲ್ ಜೋರ್ಡಾನ್‌ನನ್ನು ಬಿಟ್ಟಿತು ಎನ್ನುತ್ತಾರೆ. 2013ರಲ್ಲಿ ಆಂಥನಿ ಬೆನೆಟ್ ಮೊದಲನೆಯವ, ಮುಂದೆ ದೊಡ್ಡ ತಾರೆಯಾದ ಯಾನಿಸ್ ಆಂಟೆಟೊಕುಂಪೊ ಹದಿನೈದನೆಯವ ಎನ್ನುತ್ತಾರೆ. ಕಾಲೇಜು ಚಾಂಪಿಯನ್‌ಶಿಪ್‌ನ ಸೆಮಿಫೈನಲ್‌ನಲ್ಲಿ ಹ್ಯೂಸ್ಟನ್ ವಿರುದ್ಧ ಡ್ಯೂಕ್ 14 ಅಂಕ ಮುಂದಿದ್ದು 70-67ರಲ್ಲಿ ಸೋತದ್ದು, ಒಂದು ಅಂಕ ಹಿಂದಿದ್ದಾಗ ಕೊನೆಯ ಗಳಿಗೆಯಲ್ಲಿ ಫ್ಲ್ಯಾಗ್ ಎಸೆದ ಚೆಂಡು ಬೀಳದೆ ಹೋದದ್ದು, ಎಲ್ಲ ಲೆಕ್ಕ ಇಟ್ಟಿದ್ದಾರೆ. ಆ ಪಂದ್ಯದಲ್ಲಿ ಅವನು 27 ಅಂಕ ಗಳಿಸಿದ್ದ ಎಂದು ಮಾಣಿ ನೆನಪಿಸಿದರೆ ಕಷಾಯದ ಲೋಟ ನೋಡುತ್ತ ಕೂರುತ್ತಾರೆ.

ನಿಜವಾದ ಹೋರಾಟ ನಡೆದದ್ದು ಏಸ್ ಬೇಲಿ ಮತ್ತು ಕಾನ್ ಕನಿಪಲ್ ಹೆಸರಿನ ಮೇಲೆ. ಬೇಲಿ ರಟ್ಗರ್ಸ್‌ನವನು, ಮಾಣಿಯ ದೇವರು. ಮೈಮೇಲೆ ಇಬ್ಬರು ಬಿದ್ದರೂ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಬುಟ್ಟಿಗೆ ಹಾಕುತ್ತಾನೆ. ಮೊಬೈಲಿನಲ್ಲಿ ತುಣುಕುಗಳನ್ನು ನೋಡಿದರೆ ಸ್ವರ್ಗ. "ಅದು ಮೇಲಿನ ಮುಷ್ಟಿ" ಎಂದೆ ನಾನು. "ಚೀಲದ ತಳದಲ್ಲಿ ಏನಿದೆ?" ಬೇಲಿ ಮತ್ತು ಡಿಲನ್ ಹಾರ್ಪರ್, ಇಬ್ಬರೂ ಮೊದಲ ಐದರಲ್ಲಿ ಹೋಗುವವರು, ಒಂದೇ ತಂಡದಲ್ಲಿದ್ದರೂ ರಟ್ಗರ್ಸ್ 15 ಗೆದ್ದು 17 ಸೋತಿತು. ಇನ್ನು ಎತ್ತರ. ಕಾಲೇಜಿನವರು ಬರೆದದ್ದು ಆರಡಿ ಹತ್ತು ಅಂಗುಲ. ಡ್ರಾಫ್ಟಿಗೆ ಮೊದಲು ಷಿಕಾಗೊದಲ್ಲಿ ಬರಿಗಾಲಿನಲ್ಲಿ ನಿಲ್ಲಿಸಿ ಅಳೆದಾಗ ಆರಡಿ ಏಳೂವರೆ. ಸರಿಯಾಗಿ ಒಣಗದ ಅಡಿಕೆಯನ್ನು ತೂಕಕ್ಕೆ ಹಾಕಿದವರ ಕಥೆ ನಮಗೆ ಹೊಸದೇನಲ್ಲ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಮಾಣಿಗೆ ಮಾತ್ರ ನಗು ಬರಲಿಲ್ಲ.

ಕನಿಪಲ್ ನನ್ನ ಹುಡುಗ. ಡ್ಯೂಕ್‌ನಲ್ಲಿ ಫ್ಲ್ಯಾಗ್‌ನ ನೆರಳಿನಲ್ಲಿ ಆಡಿದವನು. ಹಾರುವುದು ಕಡಿಮೆ, ಓಟವೂ ಸಾಧಾರಣ, ನೋಡಲು ಸೊಸೈಟಿಯ ಗುಮಾಸ್ತನಂತೆ. ಆದರೆ ಮೂರು ಅಂಕದ ಎಸೆತದಲ್ಲಿ ನೂರಕ್ಕೆ 40ರ ಮೇಲೆ, ಫ್ರೀ ಥ್ರೋದಲ್ಲಿ 91ರ ಮೇಲೆ. ಫ್ರೀ ಥ್ರೋ ಎಂದರೆ ಎದುರು ಯಾರೂ ಇಲ್ಲದ ಜಾಗ; ಅಲ್ಲಿ ಕೈ ಸುಳ್ಳು ಹೇಳುವುದಿಲ್ಲ. ಅವನ ತಾಯಿಯೂ ಕಾಲೇಜಿನಲ್ಲಿ ಆಡಿದ ಆಟಗಾರ್ತಿ. ಅದನ್ನು ನಾನು ಬೇಕೆಂದೇ ಎರಡು ಸಲ ಹೇಳಿದೆ. ಪಂಥ ಕಟ್ಟಿದೆವು: ಬೇಲಿಗಿಂತ ಮೊದಲು ಕನಿಪಲ್ ಹೋದರೆ ಮಾಣಿ ನನಗೆ ನಾಲ್ಕು ಪ್ಲೇಟ್ ಬನ್ಸ್ ಕೊಡಬೇಕು.

ನಡುವೆ ವಿ.ಜೆ. ಎಜ್‌ಕಂಬ್ ವಿಷಯ ಬಂತು. ಬಹಾಮಾಸ್‌ನ ಬಿಮಿನಿ ದ್ವೀಪದವನು, ಬೇಲರ್ ವಿಶ್ವವಿದ್ಯಾಲಯಕ್ಕೆ ಆಡಿದವನು. ಚಿಕ್ಕಂದಿನಲ್ಲಿ ಮನೆಗೆ ಕರೆಂಟು ಜನರೇಟರಿನಿಂದ ಬರುತ್ತಿತ್ತಂತೆ. ಅವನು ಹಾರಿ ಚೆಂಡನ್ನು ಬುಟ್ಟಿಗೆ ಬಡಿದದ್ದನ್ನು ಮಾಣಿ ತೋರಿಸಿದಾಗ ಎಲ್ಲರೂ ಹೋ ಎಂದರು. ಕೊನೆಗೌಡ ಮಾತ್ರ, "ಇನ್ನೊಮ್ಮೆ ಹಾಕು" ಎಂದ. ಮತ್ತೆ ಹಾಕಿದ. "ಹತ್ತಿದ್ದನ್ನು ಎಲ್ಲರೂ ನೋಡುತ್ತೀರಿ. ಇಳಿದದ್ದನ್ನು ನೋಡಿ." ನೋಡಿದೆವು. ಎರಡೂ ಪಾದ ಒಟ್ಟಿಗೆ, ಮೊಣಕಾಲು ಸ್ವಲ್ಪ ಬಗ್ಗಿ, ಬೆಕ್ಕು ಅಟ್ಟದಿಂದ ಇಳಿದಂತೆ. ನನ್ನ ಕೈ ತನ್ನಷ್ಟಕ್ಕೆ ಬಲ ಮೊಣಕಾಲಿಗೆ ಹೋಯಿತು. ಧಾರವಾಡದಲ್ಲಿ ಹಾರುವುದನ್ನು ಹೇಳಿಕೊಟ್ಟಿದ್ದರು, ಇಳಿಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಬಿದ್ದು ಕೈಕಾಲು ಮುರಿದರೆ ಇವರಿಗೆ ಏನು ಗತಿ?" ಎಂದೂ ಕೊನೆಗೌಡನೇ ಕೇಳಿದ. ಮೊದಲ ಸುತ್ತಿನಲ್ಲಿ ಹೋದವರಿಗೆ ಎರಡು ವರ್ಷದ ಸಂಬಳ ಖಾತ್ರಿ, ಎರಡನೆಯ ಸುತ್ತಿನವರಿಗೆ ಆ ಖಾತ್ರಿ ಇಲ್ಲ ಎಂದೆ. "ಎರಡು ವರ್ಷವೇ!" ಎಂದು ಇನ್ನೊಂದು ಕಷಾಯ ತರಿಸಿದ.

ಆಯ್ಕೆಯ ದಿನ ನಮ್ಮ ಲೆಕ್ಕದಲ್ಲಿ ಜೂನ್ 26ರ ಗುರುವಾರ, ಬೆಳಗಿನ ಐದೂವರೆ. ಜಡಿಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋದೆ. ಮೊದಲ ಬಸ್ಸಿನವರಿಗಾಗಿ ಅಂಗಡಿ ಐದಕ್ಕೇ ತೆರೆಯುತ್ತದೆ, ಇದು ಈ ಅಂಗಡಿಯ ದೊಡ್ಡ ಗುಣ. ದೊಡ್ಡ ದೋಷ ಇಂಟರ್‌ನೆಟ್. ಯಾವ ಕಂಪನಿಯದು ಎಂದು ಹೇಳುವುದಿಲ್ಲ; ಎನ್‌ಬಿಎ ಮುಖ್ಯಸ್ಥ ಆಡಂ ಸಿಲ್ವರ್ ವೇದಿಕೆಗೆ ನಡೆದು ಬಂದು ಬಾಯಿ ತೆರೆದ ಕ್ಷಣಕ್ಕೆ ಚಿತ್ರ ಅಲ್ಲೇ ಹೆಪ್ಪುಗಟ್ಟಿತು. ಮಾಣಿ ಮೊಬೈಲನ್ನು ಕಿಟಕಿಯ ಬಳಿ ಅವಲಕ್ಕಿ ಡಬ್ಬದ ಮೇಲೆ ನಿಲ್ಲಿಸಿ ಅದರಿಂದ ಸಂಪರ್ಕ ತೆಗೆದುಕೊಳ್ಳುವಷ್ಟರಲ್ಲಿ ಫ್ಲ್ಯಾಗ್ ಡಲ್ಲಾಸ್ ಟೋಪಿ ಹಾಕಿಕೊಂಡಾಗಿತ್ತು. ಎರಡನೆಯವನು ಹಾರ್ಪರ್, ಸ್ಯಾನ್ ಆಂಟೋನಿಯೊಗೆ. ಮೂರನೆಯವನು ಎಜ್‌ಕಂಬ್, ಫಿಲಡೆಲ್ಫಿಯಾಕ್ಕೆ. ಕೊನೆಗೌಡ ಬೀಡಿ ಹಚ್ಚಿದ. ಒಂದು ಆಯ್ಕೆಗೆ ಐದು ನಿಮಿಷ ಸಮಯ, ಒಂದು ಪಾತ್ರೆ ಕಷಾಯ ಕುದಿಯಲು ಅಷ್ಟೇ ಸಾಕು. ನಾಲ್ಕನೆಯದಕ್ಕೆ ಷಾರ್ಲಟ್ ತಂಡದ ಸರದಿ. ಹಾಲು ಉಕ್ಕುವ ಹೊತ್ತಿಗೆ ಕನಿಪಲ್ ಹೆಸರು ಬಂತು. ಬೇಲಿ ಐದನೆಯವನಾಗಿ ಯೂಟಾಕ್ಕೆ.

ಹತ್ತನೆಯವನು ಡ್ಯೂಕ್‌ನ ಖಮಾನ್ ಮಲುವಾಚ್. ದಕ್ಷಿಣ ಸುಡಾನ್‌ನಲ್ಲಿ ಹುಟ್ಟಿ ಉಗಾಂಡಾದಲ್ಲಿ ಬೆಳೆದವನು, ಏಳಡಿ ಮೀರಿದವನು, ಮಾತಾಡುತ್ತ ಕಣ್ಣೀರಿಟ್ಟ. ಅವನು ಹೋಗುವುದು ಫೀನಿಕ್ಸ್‌ಗೆ, ತಲೆಯ ಮೇಲೆ ಹ್ಯೂಸ್ಟನ್ ಟೋಪಿ. ಫೀನಿಕ್ಸ್ ತನ್ನ ತಾರೆ ಕೆವಿನ್ ಡುರಾಂಟ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟ ವ್ಯವಹಾರದಲ್ಲಿ ಆ ಸರದಿ ಕೈಬದಲಾಗಿದ್ದರೂ ಕಾಗದ ಮುಗಿಯುವವರೆಗೆ ಹಳೆಯ ತಂಡದ ಟೋಪಿಯೇ. "ನೋಂದಣಿ ಆಗದ ಜಮೀನು" ಎಂದರು ಬ್ಯಾಂಕಿನವರು. ಅಷ್ಟೂ ದಿನಗಳಲ್ಲಿ ಅವರು ಆಡಿದ ಒಂದೇ ಒಳ್ಳೆಯ ಮಾತು.

ನಮ್ಮವರು ಯಾರೂ ಇಲ್ಲವೇ ಎಂದು ಅಂಗಡಿಯವರು ಒಲೆಯ ಬಳಿಯಿಂದಲೇ ಕೇಳಿದರು. ಹತ್ತು ವರ್ಷದ ಹಿಂದೆ ಇದ್ದ, ಪಂಜಾಬಿನ ಸತ್ನಾಮ್ ಸಿಂಗ್, 2015ರಲ್ಲಿ 52ನೆಯವನಾಗಿ, ಇದೇ ಡಲ್ಲಾಸ್ ತಂಡಕ್ಕೆ. ಎನ್‌ಬಿಎ ಪಂದ್ಯವೊಂದರಲ್ಲೂ ಅವನು ಅಂಕಣಕ್ಕೆ ಇಳಿಯಲಿಲ್ಲ. ಅದನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಹೆಂಚಿನ ಮೇಲೆ ಮಳೆಯದೇ ಸದ್ದು.

ನಾಲ್ಕು ಪ್ಲೇಟಿನಲ್ಲಿ ಎರಡು ಬಂದಿವೆ. ಎರಡೂ ಒಂಬತ್ತರ ನಂತರದವು, ಮಾಣಿ ಬೇಕೆಂದೇ ತಡಮಾಡಿದ್ದಾನೆ. ಮೂರು ನಕ್ಷತ್ರಕ್ಕೆ ಅದೂ ಒಂದು ಕಾರಣ. ಅವನ ಅಪ್ಪ ಅದನ್ನು ಉದ್ರಿ ಪುಸ್ತಕದಲ್ಲಿ ಮಗನ ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಹೋಗುವವರು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರಬೇಡಿ, ಅಲ್ಲಿ ಸೋರುತ್ತದೆ. ಟಿವಿ ಎದುರಿನ ಬೆಂಚಿನ ಎಡತುದಿ ನನ್ನದು.