ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಫಿಜಿಯೋಥೆರಪಿಗೆ ಯಾವ ವಿಡಿಯೋ ಗೇಮ್: ರಿಮೋಟ್, ಬೋರ್ಡ್, ಕೈನೆಕ್ಟ್

ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಆದ ಹಾನಿಯಿಂದ ಚಲನೆಯ ಹಿಡಿತ ಕುಂದುವ ಸ್ಥಿತಿ) ಇರುವ ಮಕ್ಕಳಿಗೆ ಫಿಜಿಯೋಥೆರಪಿ ಕೊಡುವಾಗ ನಾನು ಹೆಚ್ಚಾಗಿ ಬಳಸಿ ನೋಡಿರುವುದು ಮೂರು ಸಾಧನಗಳನ್ನು: 2006ರಲ್ಲಿ ಬಂದ ನಿಂಟೆಂಡೊ ವೀ ಗೇಮ್ ಯಂತ್ರದ ಕೈಯಲ್ಲಿ ಹಿಡಿಯುವ ರಿಮೋಟ್, ಅದರದೇ ಬ್ಯಾಲೆನ್ಸ್ ಬೋರ್ಡ್ (ಮೇಲೆ ನಿಂತು ಆಡುವ ಹಲಗೆ) ಮತ್ತು 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಕೈನೆಕ್ಟ್ ಕ್ಯಾಮೆರಾ. ಮೂರರ ತಯಾರಿಕೆಯೂ ನಿಂತುಹೋಗಿದೆ. ಆದರೂ ಇವುಗಳ ನಡುವಿನ ವ್ಯತ್ಯಾಸ ತಿಳಿದರೆ ಹೊಸ ಸಾಧನಗಳನ್ನು ಆರಿಸುವುದು ಸುಲಭ. ಮಗು ಕಲಿಯಬೇಕಾದ ಚಲನೆಯನ್ನು ಮಾಡದೆಯೇ ಆಟ ಗೆಲ್ಲಬಹುದೇ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಈ ಪರೀಕ್ಷೆಯಲ್ಲಿ ರಿಮೋಟ್ ಹಿಂದೆ ಬೀಳುತ್ತದೆ. ಅದು ಗ್ರಹಿಸುವುದು ತನ್ನದೇ ಚಲನೆಯನ್ನು. ಭುಜ ಮೇಲೆದ್ದಿತೇ, ಮೊಣಕೈ ನೇರವಾಯಿತೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಟೆನಿಸ್ ಆಟದಲ್ಲಿ ಮಗು ಕುಳಿತಲ್ಲೇ ಮಣಿಕಟ್ಟನ್ನು ಒಮ್ಮೆ ಕೊಡವಿ ಚೆಂಡನ್ನು ಹಿಂದಿರುಗಿಸಿಬಿಡುತ್ತದೆ. ಬೌಲಿಂಗ್ ಆಟ ಮಾತ್ರ ಇದಕ್ಕೆ ಹೊರತು. ಅಲ್ಲಿ ಗುಂಡಿಯನ್ನು ಒತ್ತಿ ಹಿಡಿದು, ಕೈ ಬೀಸುತ್ತಾ, ಸರಿಯಾದ ಕ್ಷಣದಲ್ಲಿ ಬೆರಳನ್ನು ಸಡಿಲಿಸಬೇಕು. ಬೆರಳುಗಳು ಬಿಗಿಯಾಗಿ ಮಡಿಚಿಕೊಳ್ಳುವ ಮಗುವಿಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟವಾದ್ದರಿಂದ, ಆ ಒಂದು ಆಟಕ್ಕಾಗಿ ನಾನು ರಿಮೋಟನ್ನು ಉಳಿಸಿಕೊಂಡಿದ್ದೇನೆ.

ಬ್ಯಾಲೆನ್ಸ್ ಬೋರ್ಡ್ ನನಗೆ ಅತ್ಯಂತ ಮೆಚ್ಚಿನದು. ಅದರ ನಾಲ್ಕು ಸಂವೇದಕಗಳು ದೇಹದ ಭಾರ ಯಾವ ಕಡೆ ಬೀಳುತ್ತಿದೆ ಎಂಬುದನ್ನು ಅಳೆದು, ಎಡಕ್ಕೆ ಎಷ್ಟು ಶೇಕಡಾ, ಬಲಕ್ಕೆ ಎಷ್ಟು ಎಂದು ಪರದೆಯ ಮೇಲೆ ತೋರಿಸುತ್ತವೆ. ದೇಹದ ಒಂದು ಪಾರ್ಶ್ವ ದುರ್ಬಲವಾಗಿರುವ ಮಗು ಗಟ್ಟಿಯಾದ ಕಾಲಿನ ಮೇಲೆಯೇ ನಿಲ್ಲುವುದು ಸಹಜ. "ಆ ಕಾಲಿನ ಮೇಲೆ ಭಾರ ಹಾಕು" ಎಂದು ನಾವು ಎಷ್ಟು ಹೇಳಿದರೂ ಆಗದ ಕೆಲಸ, ಹಾರಿ ಬರುವ ಚೆಂಡಿಗೆ ತಲೆ ಕೊಡಲು ಎಡಕ್ಕೂ ಬಲಕ್ಕೂ ವಾಲಬೇಕಾದ ಆಟದಲ್ಲಿ ತಾನಾಗಿಯೇ ಆಗುತ್ತದೆ. ಆದರೆ ಬೋರ್ಡಿಗೆ ಭಾರ ಮಾತ್ರ ಗೊತ್ತು. ಮಗು ಸೊಂಟದಿಂದ ಭಾರ ಸರಿಸುತ್ತಿದೆಯೇ, ಇಲ್ಲವೇ ಬೆನ್ನನ್ನಷ್ಟೇ ಬಾಗಿಸುತ್ತಿದೆಯೇ ಎಂಬುದನ್ನು ಪಕ್ಕದಲ್ಲಿ ನಿಂತವರೇ ನೋಡಬೇಕು. ಆಧಾರವಿಲ್ಲದೆ ನಿಲ್ಲಬಲ್ಲ ಮಕ್ಕಳಿಗೆ, ಅಂದರೆ ಜಿಎಂಎಫ್‌ಸಿಎಸ್ (ಮಗುವಿನ ಚಲನೆಯ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ವರ್ಗೀಕರಿಸುವ ಪದ್ಧತಿ; 1 ಅತ್ಯಂತ ಸೌಮ್ಯ) ಪ್ರಕಾರ 1 ಅಥವಾ 2ನೇ ಹಂತದವರಿಗೆ, ಇದು ಚೆನ್ನಾಗಿ ಹೊಂದುತ್ತದೆ. ವಾಕರ್ ಹಿಡಿದರೆ ಭಾರದ ಒಂದು ಪಾಲು ವಾಕರ್‌ಗೆ ಹೋಗಿ ಲೆಕ್ಕ ತಪ್ಪುತ್ತದೆ.

ಕೈನೆಕ್ಟ್ ಇಡೀ ದೇಹವನ್ನು ನೋಡುವುದರಿಂದ ಮಣಿಕಟ್ಟಿನ ಕೊಡವಿಕೆ ಅಲ್ಲಿ ಸಾಲದು. ಕೈಯನ್ನು ಪೂರ್ತಿ ಚಾಚಲೇಬೇಕು, ಏನನ್ನೂ ಹಿಡಿಯಬೇಕಾಗಿಲ್ಲ. ಆದರೆ ಒಬ್ಬರು ಆಡಲೂ ಸುಮಾರು 1.8 ಮೀಟರ್ ದೂರ ಬೇಕು, ಮತ್ತು ಮಗು ಬೀಳದಂತೆ ನಾನು ಸೊಂಟ ಹಿಡಿದು ನಿಂತರೆ ಕ್ಯಾಮೆರಾ ನನ್ನ ಕೈಯನ್ನು ಮಗುವಿನದೆಂದು ಎಣಿಸಿ ಆಟವನ್ನು ಕೆಡಿಸುತ್ತದೆ. ಹೆಚ್ಚು ಆಧಾರ ಬೇಕಾದ ಮಗುವಿಗೆ ಇದು ದೊಡ್ಡ ಕೊರತೆ. ಒಂಟಿಯಾಗಿ ನಿಲ್ಲಬಲ್ಲ, ಕೈ ಎತ್ತುವುದನ್ನು ಕಲಿಯಬೇಕಾದ ಮಗುವಿಗಾದರೆ ನಾನು ಕೈನೆಕ್ಟನ್ನೇ ಆರಿಸುತ್ತೇನೆ.

ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಿಗೆ ಅಪಸ್ಮಾರವೂ ಇರುತ್ತದೆ. ಮಿನುಗುವ ಬೆಳಕಿಗೆ ಫಿಟ್ಸ್ ಬರುವ ಮಗುವಾದರೆ, ಮೂರರಲ್ಲಿ ಯಾವುದನ್ನು ಶುರುಮಾಡುವ ಮೊದಲೂ ನರರೋಗ ವೈದ್ಯರ ಒಪ್ಪಿಗೆ ಪಡೆಯಲೇಬೇಕು.