ಮಗುವನ್ನು ಐಸ್ ಹಾಕಿಗೆ ಸೇರಿಸುವ ಮೊದಲು ಒಂದು ತರಗತಿ ಪೂರ್ತಿ ನಿಂತು ನೋಡಿ

ಮಕ್ಕಳನ್ನು ಐಸ್ ಹಾಕಿಗೆ ಹಾಕಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಏಳು ವರ್ಷದ ಮಗಳನ್ನು ಒಂದು ಕ್ಲಬ್ಬಿಗೆ ಸೇರಿಸಿದ್ದೆವು. ಹೊಸಬರಿಗೆ ಅಂತಲೇ ಇದ್ದ ತರಗತಿ ಅದು. ಇಡೀ ಸೀಸನ್ನಿನ ಫೀಸನ್ನು ಮೊದಲೇ ಕಟ್ಟಿಸಿಕೊಂಡರು. ಅರ್ಧ ಸೀಸನ್ ಮುಗಿಯುವ ಮೊದಲೇ ಅವಳನ್ನು ಬಿಡಿಸಬೇಕಾಯಿತು.

ಶುರುವಿನಿಂದಲೇ ಮ್ಯಾಚ್ ಆಡಿಸಿದರು. ಅದೂ ಪೂರ್ತಿ ರಿಂಕಿನಲ್ಲಿ. ಸುಮಾರು 60 ಮೀಟರ್ ಉದ್ದದ ಐಸ್ ಅದು. ಚೆನ್ನಾಗಿ ಸ್ಕೇಟ್ ಮಾಡುವ ಇಬ್ಬರು ಮೂವರು ಪಕ್ಕನ್ನು, ಅಂದರೆ ಆಡುವ ರಬ್ಬರ್ ಬಿಲ್ಲೆಯನ್ನು, ತಳ್ಳಿಕೊಂಡು ಹೋಗುತ್ತಿದ್ದರು. ಉಳಿದ ಮಕ್ಕಳು ಅವರ ಹಿಂದೆ ಓಡುವುದೇ ಆಯಿತು. ನಮ್ಮ ಮಗಳಿಗೆ ನಿಲ್ಲುವುದೇ ಗೊತ್ತಿರಲಿಲ್ಲ. ಬೋರ್ಡಿಗೆ, ಅಂದರೆ ರಿಂಕಿನ ಸುತ್ತಲಿನ ಗೋಡೆಗೆ, ಹೋಗಿ ಬಡಿದಾಗ ಮಾತ್ರ ನಿಲ್ಲುತ್ತಿದ್ದಳು! ಬೀಳುವುದು, ಎದ್ದು ನಿಲ್ಲುವುದು, ಬ್ರೇಕ್ ಹಾಕುವುದು, ಇವು ಮೂರೂ ಬಾರದ ಮಗುವಿನ ಕೈಗೆ ಸ್ಟಿಕ್ ಕೊಡಲೇಬಾರದು. ಕೋಚ್ ಹತ್ತಿರ ಕೇಳಿದರೆ, "ಆಡ್ತಾ ಆಡ್ತಾ ಕಲೀತಾರೆ, ಬಿಡಿ" ಅಂದರು.

ಇದು ತಪ್ಪು. ಅಮೆರಿಕದ ಯುಎಸ್‌ಎ ಹಾಕಿ ಸಂಸ್ಥೆ 8 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ರಿಂಕನ್ನು ಅಡ್ಡಡ್ಡ ಭಾಗ ಮಾಡಿ ಆಡಿಸಲು ಹೇಳುತ್ತದೆ. ಪಕ್ ಕೂಡ ಹಗುರದ್ದು. ಮಾಮೂಲಿ ಕಪ್ಪು ಪಕ್ ಸುಮಾರು 170 ಗ್ರಾಂ ಇದ್ದರೆ, ಮಕ್ಕಳ ನೀಲಿ ಪಕ್ ಸುಮಾರು 113 ಗ್ರಾಂ. ಜಾಗ ಚಿಕ್ಕದಾದರೆ ಪ್ರತಿ ಮಗುವಿಗೂ ಪಕ್ ಜಾಸ್ತಿ ಸಿಗುತ್ತದೆ. ಪೂರ್ತಿ ರಿಂಕ್ ಇದ್ದರೇನೇ ನಿಜವಾದ ಹಾಕಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸ್ಕೇಟ್ ವಿಷಯ ಕೇಳಿದರೆ ನಿಮಗೂ ಬೇಜಾರಾಗುತ್ತದೆ. ಕ್ಲಬ್ಬಿನವರೇ ಒಂದು ಅಂಗಡಿಗೆ ಕಳಿಸಿದರು. "ಬೆಳೆಯೋ ಮಗು, ದೊಡ್ಡದೇ ಇರಲಿ" ಅಂತ ಅಂಗಡಿಯವರು ಎರಡು ಸೈಜ್ ದೊಡ್ಡದನ್ನು ಕೊಟ್ಟರು. ಐಸ್ ಮೇಲೆ ಮಗಳ ಕಣಕಾಲು ಒಳಕ್ಕೆ ವಾಲುತ್ತಿತ್ತು. ಕಾಲು ನೋವು ಅಂತ ಅಳುತ್ತಿದ್ದಳು. ಅವಳ ಕಾಲಿಗೆ ಬಲ ಸಾಲದು ಅಂದರು ಕೋಚ್. ಕೊನೆಗೆ ಅಲ್ಲೇ ಇದ್ದ ಇನ್ನೊಂದು ಮಗುವಿನ ತಾಯಿ ಸ್ಕೇಟ್ ಬಿಚ್ಚಿಸಿ ನೋಡಿದರು. ಸೈಜ್ ತಪ್ಪು ಅನ್ನುವುದು ಅವರಿಗೆ ಕೂಡಲೇ ಗೊತ್ತಾಯಿತು. ಅದಕ್ಕಿಂತ ಹೆಚ್ಚಾಗಿ, ಬ್ಲೇಡನ್ನು ಯಾರೂ ಒಮ್ಮೆಯೂ ಸಾಣೆ ಹಿಡಿದೇ ಇರಲಿಲ್ಲ. ಹೊಸ ಸ್ಕೇಟಿನ ಬ್ಲೇಡ್ ಹೆಚ್ಚಾಗಿ ಮೊಂಡಾಗಿಯೇ ಬರುತ್ತದೆ, ಮೊದಲ ಸಲ ಐಸಿಗೆ ಇಳಿಯುವ ಮುಂಚೆಯೇ ಸಾಣೆ ಹಿಡಿಸಬೇಕು. ಇದನ್ನು ಅಂಗಡಿಯವರೂ ಹೇಳಲಿಲ್ಲ, ಕೋಚೂ ಹೇಳಲಿಲ್ಲ. ಸರಿಯಾದ ಸೈಜ್ ತಂದು ಸಾಣೆ ಹಿಡಿಸಿದ ದಿನವೇ ಅವಳು ನೆಟ್ಟಗೆ ನಿಂತಳು.

ಹಾಕಿ ಸ್ಕೇಟ್ ಸಾಮಾನ್ಯವಾಗಿ ಶೂ ಸೈಜಿಗಿಂತ ಒಂದು ಒಂದೂವರೆ ಸೈಜ್ ಚಿಕ್ಕದಿರುತ್ತದೆ. ಲೇಸ್ ಸಡಿಲ ಮಾಡಿ, ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿಸಿ. ಹಿಮ್ಮಡಿಯ ಹಿಂದೆ ಒಂದು ಬೆರಳಿಗಿಂತ ಜಾಸ್ತಿ ಜಾಗ ಉಳಿದರೆ ಆ ಸ್ಕೇಟ್ ದೊಡ್ಡದು. ಬೆಳೆದ ಮೇಲೆ ಬೇರೆ ತಂದರಾಯಿತು, ಎರಡನೇ ಕೈಯ ಸ್ಕೇಟ್ ಆದರೂ ಪರವಾಗಿಲ್ಲ.

ಆದರೆ ಹೆಲ್ಮೆಟ್ ಮಾತ್ರ ಹಳೆಯದು ಬೇಡ. ಕ್ಲಬ್ಬಿನವರು ಬಳಸಲು ಕೊಟ್ಟ ಹೆಲ್ಮೆಟ್ಟಿನ ಮೇಲಿನ ಎಚ್‌ಇಸಿಸಿ (ಹಾಕಿ ಸಾಮಾನುಗಳ ಸುರಕ್ಷತೆಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ) ಸ್ಟಿಕರಿನ ದಿನಾಂಕ ಯಾವಾಗಲೋ ಮುಗಿದಿತ್ತು. ತಯಾರಾದ ದಿನದಿಂದ ಆರೂವರೆ ವರ್ಷ ಮಾತ್ರ ಅದಕ್ಕೆ ಬೆಲೆ. ಕತ್ತಿನ ಪಟ್ಟಿ ಕೇಳಿದರೆ, ಇಷ್ಟು ಚಿಕ್ಕ ಮಕ್ಕಳಿಗೆ ಯಾಕೆ ಅಂದರು. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಡಂ ಜಾನ್ಸನ್ ಎಂಬ ಆಟಗಾರ ಕತ್ತಿಗೆ ಬ್ಲೇಡ್ ತಗುಲಿ ತೀರಿಕೊಂಡರು. 2024ರ ಆಗಸ್ಟಿನಿಂದ ಯುಎಸ್‌ಎ ಹಾಕಿ ಮಕ್ಕಳಿಗೆ ಕತ್ತಿನ ಪಟ್ಟಿಯನ್ನು ಕಡ್ಡಾಯ ಮಾಡಿತು. ಬ್ಲೇಡಿಗೆ ವಯಸ್ಸು ಗೊತ್ತಾಗುತ್ತದೆಯೇ?

ನಾವು ಬಿಟ್ಟು ಬಂದದ್ದು ಬೇರೆ ಕಾರಣಕ್ಕೆ. ದೊಡ್ಡ ಹುಡುಗನೊಬ್ಬ ಮೈಯಿಂದ ಗುದ್ದಿ ಅವಳನ್ನು ಬೀಳಿಸಿದ. ತಲೆ ಬೋರ್ಡಿಗೆ ಬಡಿಯಿತು. ಆ ವಯಸ್ಸಿನಲ್ಲಿ ಬಾಡಿ ಚೆಕಿಂಗ್, ಅಂದರೆ ಹೀಗೆ ಮೈಯಿಂದ ಗುದ್ದುವುದು, ಇರಲೇಬಾರದು. ಯುಎಸ್‌ಎ ಹಾಕಿ 2011ರಲ್ಲಿ, ಹಾಕಿ ಕೆನಡಾ 2013ರಲ್ಲಿ ಅದನ್ನು ಹದಿಹರೆಯದವರೆಗೆ ಮುಂದೂಡಿವೆ. ಇಲ್ಲಿ ನೋಡಿದರೆ ಬದಿಯಲ್ಲಿ ನಿಂತು "ತಳ್ಳು, ತಳ್ಳು" ಅಂತ ಕೂಗುತ್ತಿದ್ದವರು ಕೋಚೇ. ಮಗಳು ತಲೆ ಸುತ್ತುತ್ತಿದೆ ಅಂದಳು. ನೀರು ಕುಡಿಸಿ, ಏನೂ ಆಗಿಲ್ಲ ಅಂತ ಮತ್ತೆ ಆಡಲು ಕಳಿಸಲು ಹೊರಟರು. ನಾನು ಒಳಗೆ ಹೋಗಿ ಕರೆದುಕೊಂಡು ಬಂದೆ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಕು ಕಂಡರೆ ಅವತ್ತು ಆಟ ಅಲ್ಲಿಗೆ ಮುಗಿಯಿತು. ಡಾಕ್ಟರ್ ನೋಡಿ ಒಪ್ಪುವ ತನಕ ಐಸಿಗೆ ಇಳಿಸಬೇಡಿ, ಯಾರು ಏನೇ ಹೇಳಲಿ.

ಫೀಸ್ ವಾಪಸ್ ಬರಲಿಲ್ಲ. ಮಧ್ಯದಲ್ಲಿ ಬಿಟ್ಟರೆ ದುಡ್ಡು ಏನಾಗುತ್ತದೆ ಎಂಬುದನ್ನು ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ಕೊಡಲ್ಲ ಅಂದರೆ ಬೇರೆ ಕಡೆ ನೋಡಿ. ಸೇರಿಸುವ ಮುಂಚೆ ಒಂದು ತರಗತಿಯನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ. ಸುಮ್ನೆ ನಿಂತ ಮಕ್ಕಳೆಷ್ಟು, ಓಡಾಡುತ್ತಿರುವ ಮಕ್ಕಳೆಷ್ಟು ಎಣಿಸಿ. ಎಲ್ಲರಿಗಿಂತ ನಿಧಾನವಾಗಿರುವ ಮಗುವಿನ ಹತ್ತಿರ ಕೋಚ್ ಹೋಗುತ್ತಾರಾ ಅಂತ ಗಮನಿಸಿ. ನನಗಂತೂ ಈಗ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಮಗಳು ಈಗ ಬರೀ ಸ್ಕೇಟಿಂಗ್ ಕಲಿಸುವ ಕಡೆ ಹೋಗುತ್ತಿದ್ದಾಳೆ. ಸ್ಟಿಕ್ ಇಲ್ಲ, ಪಕ್ ಇಲ್ಲ. ಎರಡೂ ಕಾಲಿನಲ್ಲಿ ಬ್ರೇಕ್ ಹಾಕುವುದು ಬಂದ ಮೇಲೆ ಹಾಕಿ ಬಗ್ಗೆ ಮಾತಾಡೋಣ ಅಂತ ಅಲ್ಲಿನ ಟೀಚರ್ ಹೇಳಿದ್ದಾರೆ.