ಚೌಕ ಕೋಣೆ, ಬಟ್ಟೆ ಕೋಣೆ, ಉದ್ದ ಕೋಣೆ: ಒಂದೇ ದನಿ, ಮೂರು ರೆಕಾರ್ಡಿಂಗ್

ದನಿ ನನ್ನದೇ, ಮೈಕ್ ಒಂದೇ. ಬಾಯಿಗೂ ಮೈಕಿಗೂ ನಡುವೆ ಎಲ್ಲ ಕಡೆಯೂ 20 ಸೆಂ.ಮೀ. ಕೋಣೆ ಮಾತ್ರ ಬದಲಿಸಿ, ಅದೇ ಹಾಡಿನ ಸಾಲುಗಳನ್ನು ಮೂರು ಕಡೆ ರೆಕಾರ್ಡ್ ಮಾಡಿದೆ.

ಮೊದಲು ಚೌಕ ಕೋಣೆ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್. ಗೋಡೆಗಳಿಂದ ದೂರ ಇರಲಿ ಅಂತ ಸರಿಯಾಗಿ ನಡುವೆ ನಿಂತೆ, ಮೈಕನ್ನು ಒಂದೂವರೆ ಮೀಟರ್ ಎತ್ತರದಲ್ಲಿಟ್ಟೆ. ಅದೇ ತಪ್ಪಾಯಿತು. ಕೆಳಗಿನ ಒಂದು ಸ್ವರ ಬಂದಾಗಲೆಲ್ಲ ದನಿ ಗುಂಯ್ ಅಂತ ಉಬ್ಬುತ್ತಿತ್ತು, ಅದರ ಪಕ್ಕದ ಸ್ವರ ಸಪ್ಪೆ.

ಕಾರಣ ಕೋಣೆಯ ಅಳತೆಯಲ್ಲೇ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಈ ಸಂಖ್ಯೆಯನ್ನು ಎದುರುಬದುರು ಗೋಡೆಗಳ ದೂರದ ಎರಡರಷ್ಟರಿಂದ ಭಾಗಿಸಿ. ಆ ಕೋಣೆ ಮೊದಲು ಎತ್ತಿಕೊಡುವ ಶಬ್ದ ಸಿಗುತ್ತದೆ: ಇಲ್ಲಿ 57 ಹರ್ಟ್ಸ್ (ಅಂದರೆ ಸೆಕೆಂಡಿಗೆ 57 ಕಂಪನ), ಅದರ ಮೇಲಿನದು 114. ಕೋಣೆಯ ನಟ್ಟನಡುವೆ 57 ಬಹುತೇಕ ಕೇಳಿಸುವುದೇ ಇಲ್ಲ, 114 ಮಾತ್ರ ಜೋರು. ಮೂರೂ ಅಳತೆ ಒಂದೇ ಅಲ್ವಾ? ಹಾಗಾಗಿ ಮೂರು ದಿಕ್ಕಿನಿಂದಲೂ ಅದೇ 114 ಬಂದು ಸೇರುತ್ತದೆ. ಗಂಡಸರ ದನಿ ಓಡಾಡುವುದೂ ಅದರ ಆಸುಪಾಸಿನಲ್ಲೇ.

ತೆಳು ಫೋಮ್ ಅಂಟಿಸಿ ನೋಡಿದೆ. ಚಪ್ಪಾಳೆ ತಟ್ಟಿದಾಗ ಬರುತ್ತಿದ್ದ ಟರ್ರ್ ಸದ್ದು ಹೋಯಿತು, ಗುಂಯ್ ಹಾಗೇ ಉಳಿಯಿತು. 114 ಹರ್ಟ್ಸಿನ ಒಂದು ಅಲೆಯೇ 3 ಮೀಟರ್ ಉದ್ದ. ಎರಡೂವರೆ ಸೆಂ.ಮೀ. ಫೋಮ್ ಅದನ್ನು ತಡೆಯುವುದಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಬಟ್ಟೆ ನೇತುಹಾಕುವ ಪುಟ್ಟ ಕೋಣೆಯ ಬಗ್ಗೆ ಹೇಳುವುದು ಕಡಿಮೆ. ಮಾತು ರೆಕಾರ್ಡ್ ಮಾಡಲು ಪರವಾಗಿಲ್ಲ, ಹಾಡಿಗೆ ಬೇಡ. ಬಟ್ಟೆಗಳು ಮೇಲಿನ ಸ್ವರಗಳ ಶಬ್ದವನ್ನೆಲ್ಲ ಹೀರಿಬಿಡುತ್ತವೆ, ಕೆಳಗಿನ ಸ್ವರಗಳದ್ದು ಉಳಿಯುತ್ತದೆ. ಅಗಲ 1 ಮೀಟರ್, ಅಂದರೆ ಉಬ್ಬುವುದು 171 ಹರ್ಟ್ಸ್. ಮೈಕ್ ಗೋಡೆಗೆ ಹತ್ತಿರವಾಗಿದ್ದರಿಂದ ಆ ಉಬ್ಬು ಇನ್ನೂ ಜಾಸ್ತಿ. ಪೆಟ್ಟಿಗೆಯೊಳಗೆ ಕೂತು ಹಾಡಿದ ಹಾಗಿತ್ತು.

ನನಗೆ ಮನಸ್ಸಿಗೆ ಹಿಡಿಸಿದ್ದು ಉದ್ದ ಕೋಣೆ: 5 ಮೀಟರ್ ಉದ್ದ, 3.6 ಅಗಲ, 2.7 ಎತ್ತರ. ಇಲ್ಲಿಯೂ ಉಬ್ಬುಗಳಿವೆ, ಆದರೆ ಮೊದಲನೆಯವು 34, 48, 64 ಹರ್ಟ್ಸ್ ಅಂತ ಹಂಚಿಹೋಗಿವೆ. ಒಂದರ ಮೇಲೊಂದು ಕೂರುವುದಿಲ್ಲ. ನಡು ಬಿಟ್ಟು, ಉದ್ದದ ಮೂರನೇ ಒಂದು ಭಾಗದಲ್ಲಿ ನಿಂತೆ. ಕೆಳಗಿನ ಶಬ್ದ ಮೂಲೆಗಳಲ್ಲೇ ಹೆಚ್ಚು ಸೇರಿಕೊಳ್ಳುವುದರಿಂದ ಎರಡು ಮೂಲೆಗೆ 10 ಸೆಂ.ಮೀ. ದಪ್ಪದ ಗಾಜಿನ ಉಣ್ಣೆಯ ಹಲಗೆ ಓರೆಯಾಗಿಟ್ಟೆ. ಸ್ವರಗಳು ಸಮವಾಗಿ ಬಂದವು. ಗಿಟಾರ್‌ಗೆ ಮೈಕನ್ನು ಅರ್ಧ ಮೀಟರ್ ಹಿಂದಕ್ಕೆ ಸರಿಸಿದರೂ ಕೇಳಲು ಹಿತವಾಗಿತ್ತು. ಚೌಕ ಕೋಣೆಯಲ್ಲಿ ಹಾಗೆ ಸರಿಸಿದರೆ ಬರೀ ಕೋಣೆಯೇ ಕೇಳುತ್ತಿತ್ತು.

ಉದ್ದದ ಎರಡು ಬೋಳು ಗೋಡೆಗಳ ನಡುವೆ ಟರ್ರ್ ಸದ್ದು ಸ್ವಲ್ಪ ಉಳಿದಿತ್ತು. ಒಂದು ಕಡೆ ಪುಸ್ತಕದ ಕಪಾಟು ಸರಿಸಿ, ಪುಸ್ತಕಗಳನ್ನು ಹಿಂದೆ ಮುಂದೆ ಜೋಡಿಸಿದ ಮೇಲೆ ಅದೂ ಹೋಯಿತು.